ದಿಬ್ಬೂರಹಳ್ಳಿ ಹಾಲ್ಟ್

ಬಸ್ಸಿನ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಚಿಕ್ಕಬಳ್ಳಾಪುರದಲ್ಲಿ ಮೂತಿ ಬಸ್ಸು ಓಡಿಸಿದವರು ಅಂತ ಈಗ ಉಳಿದಿರುವವರು ಬೆರಳೆಣಿಕೆಯಷ್ಟು ಮಂದಿ. ಅವರಲ್ಲಿ ಕಿವಿ ನೆಟ್ಟಗಿರುವವನು ಬಹುಶಃ ನಾನೊಬ್ಬನೇ. ಕಾಫಿ ಕುಡಿಯುತ್ತಾ, "ತಾತಾ, ಆವಾಗ ಗೇರು ಹೆಂಗಿತ್ತು? ಬ್ರೇಕು ಹಿಡೀತಿತ್ತಾ?" ಅಂತ ಕೇಳುತ್ತಾರೆ. ಹೇಳುತ್ತೇನೆ, ಖುಷಿಪಡುತ್ತಾರೆ. ಆದರೆ ಬಸ್ಸು ನಿಲ್ಲಿಸಿದ ಮೇಲೆ ಏನು ಮಾಡ್ತಿದ್ರಿ, ಎಲ್ಲಿ ಉಣ್ತಿದ್ರಿ, ಯಾರ ಜೊತೆ ಮಾತಾಡ್ತಿದ್ರಿ ಅಂತ ಇಲ್ಲಿಯವರೆಗೆ ಒಬ್ಬನೂ ಕೇಳಿಲ್ಲ. ಈ ಕೆಲಸದ ಕಷ್ಟ ಇರುವುದು ಅಲ್ಲೇ. ಓಡಿಸುವುದನ್ನು ಯಾರು ಬೇಕಾದರೂ ಕಲಿಯಬಹುದು. ನಿಂತ ಬಸ್ಸಿನಲ್ಲಿ ಒಬ್ಬನೇ ಕೂರುವುದನ್ನು ಹೇಳಿಕೊಡುವವರು ಯಾರೂ ಇಲ್ಲ. ನನಗೂ ಯಾರೂ ಹೇಳಿಕೊಡಲಿಲ್ಲ.

ಆಮೇಲೆ ನಾನು ಸರ್ಕಾರಿ ಬಸ್ಸಿಗೆ ಸೇರಿದೆ, ಖಾಕಿ ಹಾಕಿದೆ, ಬಡ್ತಿಯೂ ಸಿಕ್ಕಿತು. ಅದನ್ನು ಬರೆದರೆ ಓದುವವರಿಗೆ ನಿದ್ದೆ ಬರುತ್ತದೆ. ನಾನು ಹೇಳಹೊರಟಿರುವುದು ಅದಕ್ಕೂ ಮುಂಚಿನದು. ಐವತ್ತರ ದಶಕದ ಕೊನೆ, ಅರವತ್ತರ ದಶಕದ ಶುರು. ಚಿಕ್ಕಬಳ್ಳಾಪುರದ ಖಾಸಗಿ ಮಾಲೀಕರೊಬ್ಬರ ಬಸ್ಸು ಓಡಿಸುತ್ತಿದ್ದ ಕಾಲ.

ನನ್ನೂರು ಗೌರಿಬಿದನೂರಿನ ಹತ್ತಿರದ ಒಂದು ಹಳ್ಳಿ. ತಂದೆ ತಾಯಿ ಬೇಗ ಹೋದರು. ಅಣ್ಣ ಅತ್ತಿಗೆಯ ಮನೆಯಲ್ಲಿ ಬೆಳೆದೆ. ಅತ್ತಿಗೆ ಕೆಟ್ಟವರಲ್ಲ, ಆದರೆ ಅವರಿಗೇ ಮನೆ ತುಂಬ ಮಕ್ಕಳಿದ್ದವು. ಗೌರಿಬಿದನೂರು ಸ್ಟೇಷನ್ನಿನ ಮುಂದೆ ಹಿಂದೂಪುರದ ಕಡೆಯ ರೈಲಿಗೆ ಕಾದು ನಿಲ್ಲುತ್ತಿದ್ದ ಬಸ್ಸಿಗೆ ಕ್ಲೀನರಾಗಿ ಸೇರಿಕೊಂಡೆ. ಅಲ್ಲಿಂದ ಮುಂದೆ ಆ ಮನೆಗೆ ಹೋದದ್ದೆಲ್ಲ ನೆಂಟನ ಹಾಗೆ. ಚೀಲ ಇಟ್ಟು ಕೂತರೆ ಅತ್ತಿಗೆ ಮೊದಲು ಕೇಳುತ್ತಿದ್ದದ್ದು, "ಯಾವಾಗಪ್ಪ ಹೊರಡೋದು?" ಅಂತ. ಅವರು ಅಡುಗೆಯ ಅಂದಾಜಿಗೆ ಕೇಳುತ್ತಿದ್ದರು, ನನಗೆ ಬೇರೆ ಥರ ಕೇಳಿಸುತ್ತಿತ್ತು.

ಆ ಬಸ್ಸುಗಳನ್ನು ನೀವು ನೋಡಿಲ್ಲವಾದ್ದರಿಂದ ಒಂದು ಮಾತು. ಮುಂದೆ ಲಾರಿಯ ಹಾಗೆ ಉದ್ದ ಮೂತಿ, ಅದರೊಳಗೆ ಪೆಟ್ರೋಲ್ ಇಂಜಿನ್ನು. ಮೈಯೆಲ್ಲ ಮರ, ಮೇಲೆ ತಗಡು ಹೊಡೆದಿರುವುದು. ಕಿಟಕಿಗೆ ಗಾಜಿಲ್ಲ, ಮಳೆ ಬಂದರೆ ಸುತ್ತಿಟ್ಟ ಕ್ಯಾನ್ವಾಸ್ ಪರದೆ ಬಿಚ್ಚಿ ಇಳಿಬಿಡಬೇಕು. ಹಿಂದೆ ಏಣಿ, ಮೇಲೆ ಸಾಮಾನು. ಚಿಂತಾಮಣಿಯ ಸಂತೆಯ ದಿನ ಒಳಗಿನ ಜನಕ್ಕಿಂತ ಮೇಲಿನ ಮೂಟೆಗಳೇ ಜಾಸ್ತಿ. ರಬ್ಬರಿನ ಉಂಡೆ ಹಿಸುಕಿದರೆ ಕೂಗುವ ಹಾರನ್ನು. ಬೆಳಿಗ್ಗೆ ಇಂಜಿನ್ನು ಎಬ್ಬಿಸಬೇಕಾದರೆ ಮೂತಿಯ ಕೆಳಗೆ ಹ್ಯಾಂಡಲ್ ತೂರಿಸಿ ತಿರುಗಿಸಬೇಕು. ಚಳಿಗಾಲದಲ್ಲಿ ಅದಕ್ಕೆ ನಮಗಿಂತ ಸೋಮಾರಿತನ.

ಹ್ಯಾಂಡಲ್ ಹೊಡೆಯುವುದನ್ನು ಕಲಿಸಿದವರು ಹಿರಿಯ ಡ್ರೈವರ್ ಖಾದರ್ ಸಾಹೇಬರು. ಹಿಡಿಯನ್ನು ಎಲ್ಲರೂ ಹಿಡಿಯುವಂತೆ ಹೆಬ್ಬೆಟ್ಟು ಸುತ್ತಿ ಹಿಡಿದರೆ, ಇಂಜಿನ್ನು ಉಲ್ಟಾ ಒದ್ದಾಗ ಮಣಿಕಟ್ಟು ಮುರಿಯುತ್ತದೆ. ಹೆಬ್ಬೆಟ್ಟನ್ನೂ ಉಳಿದ ಬೆರಳುಗಳ ಪಕ್ಕದಲ್ಲೇ ಇಡಬೇಕು. "ಹೆಬ್ಬೆಟ್ಟು ಈ ಕಡೆ ಇಡು ಮಿಯಾ, ಗಾಡಿ ನಿನಗೆ ಹೇಳಿ ಒದೆಯಲ್ಲ," ಅಂತ ಅವರು ಕೂಗುತ್ತಿದ್ದರು. ನಾನು ಲೈಸೆನ್ಸ್ ತೆಗೆದುಕೊಂಡು ಮೊದಲ ಸಲ ಸ್ಟೇರಿಂಗ್ ಹಿಡಿದ ದಿನ ಪಕ್ಕದಲ್ಲಿ ಬಂದು ನಿಂತು, "ನೋಡು, ಜನ ಎಲ್ಲಾ ಕಂಡಕ್ಟರ್‌ಗೆ. ನಿನಗೆ ರೋಡು ಮಾತ್ರ. ಬೇಜಾರು ಮಾಡ್ಕೋಬೇಡ," ಅಂದರು. ಶುಭದಿನದಲ್ಲಿ ಇದೆಂಥ ಆಶೀರ್ವಾದ ಅಂತ ನನಗೆ ಸಿಟ್ಟು ಬಂತು. ಆಮೇಲೆ ತಿಳಿಯಿತು.

ನಿಜಕ್ಕೂ ಡ್ರೈವರಿಗೆ ಯಾರ ಮುಖವೂ ಗೊತ್ತಿರುವುದಿಲ್ಲ. ಹಿಂದೆ ಊರಿಗೆ ಊರೇ ಕೂತು ಮಾತಾಡುತ್ತಿರುತ್ತದೆ. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾವ ಬಾವಿಯಲ್ಲಿ ನೀರು ಬಂತು, ಯಾರು ಯಾರ ಮೇಲೆ ಕೋರ್ಟಿಗೆ ಹೋದರು, ಎಲ್ಲ ಕಿವಿಗೆ ಬೀಳುತ್ತದೆ. ತಿರುಗಿ ನೋಡುವ ಹಾಗಿಲ್ಲ. ವರ್ಷಗಟ್ಟಲೆ ಕೇಳಿದ ದನಿಗಳು ಎದುರಿಗೆ ಬಂದು ನಿಂತರೆ ಇವರು ಯಾರೋ ಅನ್ನಿಸುತ್ತದೆ. ಸಾಲದ್ದಕ್ಕೆ ನಮ್ಮ ಮಾಲೀಕರು ನನ್ನ ತಲೆಯ ಮೇಲ್ಗಡೆ ದಪ್ಪ ಅಕ್ಷರದಲ್ಲಿ "ಡ್ರೈವರೊಂದಿಗೆ ಮಾತನಾಡಕೂಡದು" ಅಂತ ಬರೆಸಿದ್ದರು. ಮಾಲೀಕರು ಬೆಳಗಿನಿಂದ ಸಂಜೆಯವರೆಗೆ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕಾಲು ಮಡಚಿ ಕೂತಿರುತ್ತಿದ್ದರು. ಅವರಿಗೆ ಬಸ್ಸಿನ ಮೇಲೆ ಇದ್ದಷ್ಟು ಪ್ರೀತಿ ಬಸ್ಸಿನೊಳಗೆ ಇದ್ದವರ ಮೇಲೆ ಇರಲಿಲ್ಲ. ನಮಗೆ ಜ್ವರ ಬಂದರೆ "ಮಾತ್ರೆ ತಗೋ" ಅನ್ನುತ್ತಿದ್ದರು, ಬಸ್ಸು ಕೆಮ್ಮಿದರೆ ತಾವೇ ಎದ್ದು ಬರುತ್ತಿದ್ದರು.

ಆ ಬೋರ್ಡಿನಿಂದ ಆದ ಫಜೀತಿಯೊಂದನ್ನು ಹೇಳದಿದ್ದರೆ ನನ್ನ ಕಂಡಕ್ಟರ್ ವೆಂಕಟರಾಮಯ್ಯನ ಆತ್ಮಕ್ಕೆ ಶಾಂತಿ ಸಿಗುವುದಿಲ್ಲ. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿಯ ಹತ್ತಿರ ಅವನು ಕೆಳಗಿಳಿದು, ಯಾರದೋ ಕೋಳಿಬುಟ್ಟಿಯನ್ನು ಇಳಿಸಿಕೊಡುತ್ತಿದ್ದ. ಅಷ್ಟರಲ್ಲಿ ಯಾರೋ ಬಸ್ಸಿನ ತಗಡಿಗೆ ಎರಡು ಏಟು ಹೊಡೆದರು. ಎರಡು ಏಟು ಅಂದರೆ ಹೊರಡು ಅಂತ. ನಾನು ಹೊರಟೆ. ಚಿಂತಾಮಣಿಯಲ್ಲಿ ಬಸ್ಸು ನಿಲ್ಲಿಸಿದ ಕೂಡಲೇ ಜನ ಎಂದೂ ಇಲ್ಲದ ಚುರುಕಿನಲ್ಲಿ ಇಳಿದು ಮಾಯವಾದರು. ಕೊನೆಗೆ ಇಳಿದ ಅಜ್ಜಿಯೊಬ್ಬಳು ನನ್ನ ಕಿಟಕಿಯ ಹತ್ತಿರ ಬಂದು, ಸೆರಗಿನ ಗಂಟು ಬಿಚ್ಚಿ ಟಿಕೆಟ್ಟಿನ ಚಿಲ್ಲರೆ ಚಾಚಿದಳು.

"ತಗಳಪ್ಪ. ಟಿಕೆಟ್ ಕೊಡೋ ಆಯಪ್ಪ ಹಿಂದೆ ಓಡಿ ಬತ್ತಾ ಇದ್ದ, ಪಾಪ."

"ಅಯ್ಯೋ ಅಜ್ಜೀ, ಆವಾಗ್ಲೇ ಹೇಳ್ಬಾರ್ದಾಗಿತ್ತಾ?"

"ನಿಂಜೊತೆ ಮಾತಾಡ್ಬಾರ್ದು ಅಂತ ಬರ್ದವ್ರಂತಲ್ಲಪ್ಪ," ಅಂದಳು. ಅವಳ ಮುಖದಲ್ಲಿ ಕೊಂಕು ಇರಲಿಲ್ಲ.

ವೆಂಕಟರಾಮಯ್ಯ ಬಹಳ ಹೊತ್ತಿನ ಮೇಲೆ ಯಾರದೋ ಸೈಕಲ್ಲಿನ ಹಿಂದೆ ಕೂತು ಬಂದ. ಪಂಚೆಯ ತುಂಬ ಕೆಂಪು ಧೂಳು. ವಾರದವರೆಗೆ ನನ್ನ ಜೊತೆ ಅವನು ಮಾತು ಬಿಟ್ಟ. ರೈಟ್, ಹೋಲ್ಡಾನ್, ಅಷ್ಟೇ. ಊರೆಲ್ಲ ಈ ಕತೆ ಹೇಳಿಕೊಂಡು ನಕ್ಕಿತು. ನನಗೆ ಮಾತ್ರ ಆ ವಾರ ನಗು ಬರಲಿಲ್ಲ. ದಿನಕ್ಕೆ ನಾನು ಮಾತಾಡುತ್ತಿದ್ದ ಮನುಷ್ಯ ಅವನೊಬ್ಬನೇ ಅನ್ನುವುದು ಆವಾಗಲೇ ನನಗೆ ಗೊತ್ತಾದದ್ದು.

ಅದಾದ ಮೇಲೆ ಮಾಲೀಕರಿಗೆ ದಿಬ್ಬೂರಹಳ್ಳಿಗೆ ಪರ್ಮಿಟ್ಟು ಸಿಕ್ಕಿತು. ಸಂಜೆ ಚಿಕ್ಕಬಳ್ಳಾಪುರ ಬಿಟ್ಟು, ಶಿಡ್ಲಘಟ್ಟದ ಮೇಲೆ ಹಾಯ್ದು, ದೀಪ ಹಚ್ಚುವ ಹೊತ್ತಿಗೆ ದಿಬ್ಬೂರಹಳ್ಳಿ. ಬಸ್ಸು ಅಲ್ಲೇ ಹಾಲ್ಟ್. ಬೆಳಕು ಹರಿಯುವ ಮುಂಚೆ ರೇಷ್ಮೆಗೂಡಿನ ಮೂಟೆಗಳನ್ನು ಹೇರಿಕೊಂಡು ಶಿಡ್ಲಘಟ್ಟಕ್ಕೆ ವಾಪಸ್ಸು. ವೆಂಕಟರಾಮಯ್ಯನ ಊರು ಅಲ್ಲಿಗೆ ಹತ್ತಿರ. ಕೊನೆಯ ಪ್ರಯಾಣಿಕ ಇಳಿದ ಕೂಡಲೇ ಚೀಲ ಹೆಗಲಿಗೆ ಹಾಕಿಕೊಂಡು ಬದುವಿನ ಮೇಲೆ ನಡೆದು ಹೆಂಡತಿ ಮಕ್ಕಳ ಹತ್ತಿರ ಹೋಗಿಬಿಡುತ್ತಿದ್ದ. ನಾನು ಹೋಗುವ ಹಾಗಿರಲಿಲ್ಲ. "ಟೈರು ಬ್ಯಾಟರಿ ಕದಿಯೋರು ಬಾಳ ಅವ್ರೆ, ಡ್ರೈವರಾದವನು ಗಾಡಿ ಬಿಟ್ಟು ಕದಲಬಾರ್ದು," ಅಂತ ಮಾಲೀಕರ ಅಪ್ಪಣೆ. ಬಸ್ಸು ನಿಲ್ಲುತ್ತಿದ್ದದ್ದು ಊರ ಬಾಗಿಲಲ್ಲಿದ್ದ ಹೊಂಗೆಮರದ ಕೆಳಗೆ. ನಾನು ಉದ್ದದ ಸೀಟಿನ ಮೇಲೆ ಕಂಬಳಿ ಹಾಸಿ ಕೂತುಕೊಳ್ಳುತ್ತಿದ್ದೆ.

ಮೊದಲ ವಾರ ಆ ಊರಿನವರಷ್ಟು ಕಲ್ಲು ಮನಸ್ಸಿನವರು ಎಲ್ಲೂ ಇಲ್ಲ ಅಂದುಕೊಂಡಿದ್ದೆ. ಹೊಂಗೆಮರಕ್ಕೆ ಎದುರಾಗಿ ಒಂದು ದೊಡ್ಡ ಮನೆ. ಕುಡಿಯುವ ನೀರು ಕೇಳೋಣ ಅಂತ ಹೋಗಿ ಹೊಸ್ತಿಲ ಮೇಲೆ ಕಾಲಿಟ್ಟಿದ್ದೆ ಅಷ್ಟೇ, ಒಳಗಿನಿಂದ ಒಬ್ಬ ಹೆಂಗಸು, "ಏಯ್, ಬರ್ಬ್ಯಾಡ, ಬರ್ಬ್ಯಾಡ, ಆಚೆ ನಡಿ!" ಅಂತ ಕಿರುಚಿದಳು. ಜಾತಿಯ ಲೆಕ್ಕಾಚಾರ ಇರಬೇಕು ಅಂತ ನಾನು ತಲೆ ತಗ್ಗಿಸಿಕೊಂಡು ಬಸ್ಸಿಗೆ ಬಂದೆ. ಒಂದಷ್ಟು ಹೊತ್ತಾದ ಮೇಲೆ ಆ ಮನೆಯ ಯಜಮಾನರು ಚೊಂಬಿನಲ್ಲಿ ನೀರು ಹಿಡಿದು ತಾವೇ ಬಂದರು. ಹೆಸರು ಮುನಿಶಾಮಪ್ಪ. ನಾಲ್ಕು ಎಕರೆ ಹಿಪ್ಪುನೇರಳೆ ತೋಟ ಇಟ್ಟುಕೊಂಡು ಹುಳ ಸಾಕುತ್ತಿದ್ದ ಮನೆತನ.

"ತಪ್ಪು ತಿಳ್ಕಾಬ್ಯಾಡಪ್ಪ," ಅಂದರು. "ಹುಳ ಮೂರನೇ ಜ್ವರದಲ್ಲವೆ. ನಿನ್ ಮೈಯೆಲ್ಲ ಪೆಟ್ರೋಲ್ ವಾಸ್ನೆ. ಹೊರಗಿನೋರ್ನ ಬಿಟ್ರೆ ಹುಳ ಮೇವು ಬಿಟ್ಟುಬಿಡ್ತವೆ. ನಾವೇ ಮನೇಲಿ ಒಗ್ಗರಣೆ ಹಾಕಲ್ಲ, ಗೊತ್ತಾ?"

ರೇಷ್ಮೆ ಹುಳ ಪೊರೆ ಬಿಡುವುದಕ್ಕೆ ಆ ಕಡೆ ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ದಾಟಿದ ಹುಳ ಹಣ್ಣಾಗಿ ಗೂಡು ಕಟ್ಟುತ್ತದೆ. ಆಗ ಹುಳಕ್ಕೆ ಅಂತ ಬೇರೆ ಮನೆ ಇರುತ್ತಿರಲಿಲ್ಲ. ಇರುವ ಮನೆಯಲ್ಲೇ ನಡುಮನೆ ಪೂರ್ತಿ ಹುಳಕ್ಕೆ ಬಿಟ್ಟು, ಜನ ಮೂಲೆಯಲ್ಲಿ ಮುದುಡಿಕೊಳ್ಳುತ್ತಿದ್ದರು. ಬೀಡಿ, ಸೀಮೆಎಣ್ಣೆ, ಹೂವು ಮುಡಿದವರು, ಸಾವಿನ ಮನೆಯಿಂದ ಬಂದವರು, ಯಾವುದನ್ನೂ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಮಗಳ ಮನೆಯ ಬೀಗರು ಬಂದರೂ ಜಗುಲಿಯ ಮೇಲೆಯೇ ಉಪಚಾರ. ಅಂಥದ್ದರಲ್ಲಿ ಪೆಟ್ರೋಲಿನಲ್ಲಿ ಮುಳುಗೆದ್ದ ಡ್ರೈವರು ಯಾವ ಲೆಕ್ಕ.

ಮರುದಿನ ಸಂಜೆ ಮುನಿಶಾಮಪ್ಪನವರೇ ಕರೆದರು. "ಒಳಗಂತೂ ಆಗಲ್ಲ. ಜಗುಲಿ ಮ್ಯಾಲೆ ಕೂತ್ಕಾ, ಒಂದು ಮುದ್ದೆ ಉಂಡ್ಕಂಡು ಹೋಗು," ಅಂದರು. ಅವತ್ತು ಶುರುವಾದ ಊಟ. ದುಡ್ಡು ಕೊಡಲು ಹೋಗಿ ಬೈಸಿಕೊಂಡೆ. ಹಾಗಾಗಿ ಪೇಟೆಯಿಂದ ಕಾಫಿಪುಡಿಯೋ, ಎಲೆ ಅಡಿಕೆಯೋ ತಂದು ಜಗುಲಿಯ ಮೇಲೆ ಇಡುತ್ತಿದ್ದೆ. ಅವರ ಹೆಂಡತಿ ಅಕ್ಕಯ್ಯಮ್ಮ, ಮೊದಲ ದಿನ ನನ್ನ ಮೇಲೆ ಕಿರುಚಿದವರು, ಮುದ್ದೆ ಬಸ್ಸಾರು ತಟ್ಟೆಯಲ್ಲಿಟ್ಟು ಬಾಗಿಲಾಚೆ ಸರಿಸಿ ಒಳಗೆ ಹೋಗುತ್ತಿದ್ದರು. ಆಮೇಲೆ ಕತ್ತಲಲ್ಲಿ ಕಿಟಕಿಯ ಆ ಕಡೆಯಿಂದ ಅವರ ದನಿ ಬರುತ್ತಿತ್ತು.

"ಏಮಪ್ಪಾ ಡ್ರೈವರಪ್ಪಾ, ಇವತ್ತು ಶಿಡ್ಲಘಟ್ಟದಲ್ಲಿ ಗೂಡು ಹೆಂಗೆ ಹೋಯ್ತಂತೆ?"

ನಾನು ಹೇಳುತ್ತಿದ್ದೆ. ಬಸ್ಸಿನಲ್ಲಿ ಬೆನ್ನ ಹಿಂದೆ ಕೇಳಿದ ಸುದ್ದಿಗಳನ್ನೆಲ್ಲ ಆ ಕಿಟಕಿಗೆ ಒಪ್ಪಿಸುತ್ತಿದ್ದೆ. ಅವರು ಒಳಗೆ ಸೊಪ್ಪು ಹರಡುತ್ತಾ ಹೂಂಗುಡುತ್ತಿದ್ದರು. ನನ್ನ ಮಾತು ನಿಂತರೆ ಸಾವಿರಾರು ಹುಳಗಳು ಸೊಪ್ಪು ಮೇಯುವ ಸರಸರ ಸದ್ದು ಗೋಡೆಯಾಚೆ ಕೇಳಿಸುತ್ತಿತ್ತು. ಒಳಗೆ ಅಷ್ಟೊಂದು ಜೀವಗಳು, ಹೊರಗೆ ನಾನೊಬ್ಬ. ಊಟ ಮುಗಿಸಿ ತಟ್ಟೆ ತೊಳೆದು ಬೋರಲು ಹಾಕಿ ಬಸ್ಸಿಗೆ ಹೋಗುವಾಗ ಅಳು ಬಂದಂತಾಗುತ್ತಿದ್ದ ಸಂಜೆಗಳೂ ಇದ್ದವು. ಯುಗಾದಿಯ ದಿನ ಹೋಳಿಗೆಯನ್ನೂ ಅದೇ ಜಗುಲಿಯಲ್ಲಿ ತಿಂದೆ. ಬೆಳಿಗ್ಗೆಯಿಂದ ಎಣ್ಣೆ ನೀರು ಹಾಕಿಕೊಂಡು ಹೊಸಬಟ್ಟೆ ತೊಟ್ಟವರನ್ನು ಅವರವರ ಮನೆ ಮುಟ್ಟಿಸಿ ಬಂದಿದ್ದೆ. ನನಗೆ ಅಂತ ಒಂದು ಬಾಗಿಲು ಇಲ್ಲವಲ್ಲ ಅನ್ನಿಸಿ, ಅಂಥ ಒಳ್ಳೆಯ ಹೋಳಿಗೆಯೂ ರುಚಿಸಲಿಲ್ಲ.

ಆ ಮನೆಯೊಳಗೆ ಹೋಗಬೇಕು, ಎಲ್ಲರ ಜೊತೆ ಚಾಪೆಯ ಮೇಲೆ ಕೂತು ಒಂದು ಹೊತ್ತು ಉಣ್ಣಬೇಕು ಅನ್ನುವುದು ನನಗೆ ಒಂಥರಾ ಹಟವಾಯಿತು. ನಗಬೇಡಿ. ಬೇರೆಯವರಿಗೆ ಮನೆ ಕಟ್ಟುವ ಆಸೆ, ತೋಟ ಮಾಡುವ ಆಸೆ ಇರುವ ವಯಸ್ಸಿನಲ್ಲಿ ನನಗೆ ಇದ್ದದ್ದು ಈ ಆಸೆ. ಸಂಜೆ ಬಸ್ಸು ನಿಲ್ಲಿಸಿ ಕೆರೆಗೆ ಹೋಗಿ ಸೀಗೆಪುಡಿ ಹಾಕಿ ತಿಕ್ಕಿಕೊಂಡು, ಒಗೆದ ಪಂಚೆ ಉಟ್ಟು ಬರುತ್ತಿದ್ದೆ. ಅಕ್ಕಯ್ಯಮ್ಮ ಬಾಗಿಲ ಹತ್ತಿರ ನಿಂತು ಮೂಗು ಮುಂದೆ ಮಾಡಿ, "ಊಹೂಂ, ಇನ್ನೂ ಐತೆ," ಅಂದು ನಗುತ್ತಿದ್ದರು. ಅಂಗೈ ಗೆರೆಗಳಲ್ಲಿ ಕೂತ ಎಣ್ಣೆ ಯಾವ ಸೀಗೆಗೂ ಹೋಗುವುದಿಲ್ಲ. ಹೊಸ ಹುಡುಗರೇ, ನಿಮಗೂ ಹೋಗುವುದಿಲ್ಲ, ಪ್ರಯತ್ನ ಮಾಡಬೇಡಿ.

ಎರಡು ಮೂರು ವರ್ಷ ಹೀಗೇ ಹೋಯಿತು. ಒಂದು ಬೆಳೆಯ ಗೂಡು ಮಾರುವಷ್ಟರಲ್ಲಿ ಇನ್ನೊಂದು ಬೆಳೆಯ ಹುಳ ನಡುಮನೆ ತುಂಬಿರುತ್ತಿತ್ತು. ಒಂದು ಸಂಜೆ ಮುನಿಶಾಮಪ್ಪ ಜಗುಲಿಯಲ್ಲಿ ನನ್ನ ಪಕ್ಕ ಕೂತು, "ಈ ಮಳೆಗಾಲದ ಬೆಳೆ ಕೈಗೆ ಬರ್ಲಿ, ಹಿತ್ತಲಲ್ಲಿ ಹುಳಕ್ಕೇ ಅಂತ ಬ್ಯಾರೆ ಮನೆ ಕಟ್ತೀನಿ. ಆಮ್ಯಾಕೆ ನಡುಮನೆ ನಮ್ದು. ನೀನೂ ಒಳಗ್ ಬಂದು ಮೊಕ ನೋಡ್ಕಂಡು ಉಣ್ಣಪ್ಪ," ಅಂದರು. ಕಲ್ಲು ಆಗಲೇ ಬಂದು ಬಿದ್ದಿತ್ತು. ಅವತ್ತಿನಿಂದ ಆ ಬೆಳೆಗೆ ಅವರಷ್ಟೇ ನಾನೂ ಕಾದೆ. ಕಿಟಕಿಯಲ್ಲಿ ನನ್ನ ಮೊದಲ ಪ್ರಶ್ನೆಯೇ "ಹುಳ ಎಷ್ಟನೇ ಜ್ವರದಲ್ಲವೆ ಅಮ್ಮಾ?" ಅಂತಾಯಿತು.

ಅದೇ ಮಳೆಗಾಲದಲ್ಲಿ ಮಾಲೀಕರು ಮೂತಿ ಬಸ್ಸನ್ನು ಮಾರಿ ಡೀಸೆಲ್ ಬಸ್ಸು ತಂದರು. ಊರೂರಲ್ಲಿ ಜನ ಅದಕ್ಕೆ ಕುಂಕುಮ ಹಚ್ಚಿದರು. ಹ್ಯಾಂಡಲ್ ಹೊಡೆಯುವ ಕಷ್ಟ ತಪ್ಪಿತು, ಬಟನ್ನು ಒತ್ತಿದರೆ ಸಾಕು. ಆದರೆ ಬೆಳಿಗ್ಗೆ ಅದು ಎದ್ದ ಕೂಡಲೇ ಕಪ್ಪು ಹೊಗೆ ಉಗುಳುತ್ತಿತ್ತು, ಆ ವಾಸನೆ ಪೆಟ್ರೋಲಿನ ಅಪ್ಪನಂಥದ್ದು. ಮೊದಲ ದಿನವೇ ಹೊಂಗೆಮರದ ಕೆಳಗೆ ಹೊಗೆ ಎದ್ದು ಮುನಿಶಾಮಪ್ಪನವರ ಮನೆಯ ಕಡೆ ತೇಲಿತು. ಯಾರೂ ಹೇಳುವ ಮುಂಚೆಯೇ, ಆ ಸಂಜೆಯಿಂದ ಬಸ್ಸನ್ನು ಊರು ದಾಟಿಸಿ ಕೆರೆ ಏರಿಯ ಹತ್ತಿರ ನಿಲ್ಲಿಸತೊಡಗಿದೆ. ಅಲ್ಲಿಂದ ನಡೆದು ಊಟಕ್ಕೆ ಬರುತ್ತಿದ್ದೆ.

ಮಳೆ ಬಿಡಲಿಲ್ಲ. ವಾರಗಟ್ಟಲೆ ಶೀತ. ಹುಳ ನಾಲ್ಕನೇ ಜ್ವರ ದಾಟಿ ಮೇವಿಗೆ ಮುಗಿಬಿದ್ದಿದ್ದಾಗ ರೋಗ ತಗುಲಿತು. ಹುಳ ಸೆಟೆದುಕೊಂಡು ಸುಣ್ಣದ ಕಡ್ಡಿಯ ಹಾಗೆ ಬಿಳಿಯಾಗಿ ಸಾಯುವ ರೋಗ, ಸುಣ್ಣಕಟ್ಟು ಅನ್ನುತ್ತಾರೆ. ಒಂದು ಸಂಜೆ ನಾನು ಜಗುಲಿಗೆ ಬಂದಾಗ ಕಿಟಕಿಯಲ್ಲಿ ಯಾರೂ ಇರಲಿಲ್ಲ. ಹಿತ್ತಲಲ್ಲಿ ಗುಂಡಿ ತೋಡಿ ಬಿದಿರಿನ ತಟ್ಟೆಗಟ್ಟಲೆ ಹುಳ ಸುರಿದು ಸುಣ್ಣ ಹಾಕಿ ಮುಚ್ಚುತ್ತಿದ್ದರು. ಅಕ್ಕಯ್ಯಮ್ಮ ಗುಂಡಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದರು. ನಾನು ಅಲ್ಲಿಗೂ ಹೋಗಲಾರದೆ, ಇಲ್ಲೂ ಕೂರಲಾರದೆ ವಾಪಸ್ಸು ಹೊರಟೆ. ಬರುವಾಗ ದಾರಿಯ ಅಂಗಡಿಯ ಮುಂದೆ ಕೂತಿದ್ದ ಹಿರಿಯರೊಬ್ಬರು ನನಗೆ ಕೇಳಿಸಲಿ ಅಂತಲೇ ಹೇಳಿದರು: "ಹೊಸಾ ಬಸ್ಸು ಬಂದಿದ್ದೇ ಬಂದಿದ್ದು, ಹುಳ ಎಲ್ಲಾ ಪೋಯಿಂದಿ. ಆ ನಾತಕ್ಕೆ ಮನುಷ್ರೇ ಬದುಕಲ್ಲ, ಇನ್ನು ಹುಳ ಬದುಕ್ತವಾ?"

ಬಸ್ಸನ್ನು ದೂರ ನಿಲ್ಲಿಸಿದ್ದೆ ಅಂತ ಯಾರಿಗೆ ಹೇಳುವುದು? ಮಾರನೆಯ ಸಂಜೆ ಊಟಕ್ಕೆ ಹೋಗಲಿಲ್ಲ. ಅದರ ಮಾರನೆಯ ಸಂಜೆಯೂ ಇಲ್ಲ. ಶಿಡ್ಲಘಟ್ಟದಲ್ಲಿ ಕಡಲೆಪುರಿ ಬಾಳೆಹಣ್ಣು ಕಟ್ಟಿಸಿಕೊಂಡು ಬಂದು, ಏರಿಯ ಹತ್ತಿರ ಪರದೆ ಇಳಿಬಿಟ್ಟು ಬಸ್ಸಿನೊಳಗೆ ಕೂತೆ. ಮುನಿಶಾಮಪ್ಪನವರೂ ಹಾಗೇ ಅಂದುಕೊಂಡಿರುತ್ತಾರೆ, ಇನ್ನು ಆ ಜಗುಲಿಯೂ ನನಗೆ ಇಲ್ಲ ಅಂತ ಲೆಕ್ಕ ಹಾಕಿಬಿಟ್ಟೆ. ಮಾಲೀಕರಿಗೆ ಹೇಳಿ ಗೌರಿಬಿದನೂರು ರೂಟಿಗೆ ಹಾಕಿಸಿಕೊಂಡು ಹೊರಟುಬಿಡೋಣ ಅನ್ನಿಸಿತು. ಹೋದರೆ ಯಾರಿಗೆ ನಷ್ಟ? ನನ್ನ ಹೆಸರು ಏನು ಅಂತ ಕೂಡ ಆ ಊರಲ್ಲಿ ಯಾರೂ ಕೇಳಿರಲಿಲ್ಲ.

ಆ ಸಂಜೆ ಇನ್ನೂ ಮಬ್ಬು ಬೆಳಕಿರುವಾಗಲೇ ಯಾರೋ ಪರದೆ ಎತ್ತಿದರು. ಮುನಿಶಾಮಪ್ಪ.

"ಯಾಕಪ್ಪ, ಊಟಕ್ಕೆ ಬರಲ್ವಾ? ಆಯಮ್ಮ ಎರಡು ದಿನದಿಂದ ನಿನ್ ಮುದ್ದೆ ತೊಳಸಿ ಇಕ್ಕಿ ಕಾಯ್ತಾಳೆ."

"ಅಣ್ಣಾ, ಊರೋರು ಅಂತಾವ್ರೆ..." ಅಂದೆ.

"ಅಂತಾರೆ. ಅನ್ಲಿ ನಡಿ," ಅಂದು ನನ್ನ ರಟ್ಟೆ ಹಿಡಿದು ಇಳಿಸಿಕೊಂಡರು. ಅಂಗಡಿಯ ಮುಂದೆ ಬಂದಾಗ ಬೇಕೆಂತಲೇ ನಿಂತರು. ಅಲ್ಲಿ ಕೂತಿದ್ದ ಅದೇ ಹಿರಿಯರಿಗೆ, "ಚಿಕ್ಕಪ್ಪಾ, ರೋಡೇ ಇಲ್ದಿರೋ ತೋಟದ್ ಮನೆಗಳ ಕಡೆ ಯಾವ ಬಸ್ಸು ಹೋಗಿತ್ತು? ಅಲ್ಲೂ ಹುಳ ಹೋಯ್ತಲ್ಲ? ಈ ಹುಡುಗ ನಮ್ ಹು­ಳಕ್ಕೇಂತ ಕೆರೆತಾವ ನಿಲ್ಸ್ಕಂಡು ನಡ್ಕಂಡು ಬತ್ತಾವ್ನೆ, ನೋಡಿಲ್ವಾ ನೀನು?" ಅಂದರು. ಹಿರಿಯರು ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. ನಾನು ಯಾರಿಗೂ ಹೇಳದ್ದನ್ನು ಈ ಮನುಷ್ಯ ನೋಡಿದ್ದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನ್ನ ಸರ್ವೀಸಿನಲ್ಲಿ ಇನ್ನೊಂದು ಸಿಕ್ಕಿಲ್ಲ.

ಮನೆಯ ಹತ್ತಿರ ಬಂದು ನಾನು ಅಭ್ಯಾಸದಂತೆ ಜಗುಲಿಯ ಕಡೆ ತಿರುಗಿದೆ. ಅಕ್ಕಯ್ಯಮ್ಮ ಬಾಗಿಲು ಪೂರ್ತಿ ತೆರೆದು ನಿಂತಿದ್ದರು.

"ಒಳಗ್ ಬಾಪ್ಪ," ಅಂದರು. "ಇನ್ನೇನೈತೆ ಒಳಗೆ, ಬಾ."

ಹೊಸ್ತಿಲು ದಾಟಿದೆ. ಎಷ್ಟೋ ದಿನ ಮನಸ್ಸಿನಲ್ಲೇ ದಾಟಿದ್ದ ಹೊಸ್ತಿಲು. ನಡುಮನೆ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು. ಬಿದಿರಿನ ತಟ್ಟೆಗಳನ್ನೆಲ್ಲ ತೊಳೆದು ಗೋಡೆಗೆ ಒರಗಿಸಿದ್ದರು. ಹೊಸ ಸುಣ್ಣದ ವಾಸನೆ. ಸದ್ದೇ ಇಲ್ಲ. ಅಷ್ಟು ವರ್ಷ ಗೋಡೆಯಾಚೆಯಿಂದ ಕೇಳಿದ್ದ ಮೇಯುವ ಸದ್ದು ಇಲ್ಲದೆ, ನಾನು ಯಾವುದೋ ಬೇರೆ ಮನೆಗೆ ಬಂದಂತಾಯಿತು. ಚಾಪೆ ಹಾಸಿ ಮೂವರೂ ಕೂತೆವು. ನನಗೆ ತುತ್ತು ಇಳಿಯಲಿಲ್ಲ. ಅವರಿಗೂ ಇಳಿಯಲಿಲ್ಲ. ಆಸೆಪಟ್ಟದ್ದು ಸಿಕ್ಕಿತ್ತು, ಆದರೆ ಹೀಗೆ ಸಿಗುವುದಾದರೆ ನನಗೆ ಬೇಕಾಗಿರಲಿಲ್ಲ.

ಆದರೆ ಮನುಷ್ಯನ ಮನಸ್ಸು ವಿಚಿತ್ರ. ದಿನ ಕಳೆದ ಹಾಗೆ ಒಳಗೆ ಕೂತು ಉಣ್ಣುವುದು ಅಭ್ಯಾಸವಾಯಿತು, ಖುಷಿಯೂ ಆಯಿತು. ಅಕ್ಕಯ್ಯಮ್ಮ ಮನೆಯಲ್ಲೇ ಒಗ್ಗರಣೆ ಹಾಕುತ್ತಿದ್ದರು. ನನ್ನ ಹೆಸರು ಕೇಳಿದರು, ನನ್ನ ತಾಯಿಯ ಹೆಸರು ಕೇಳಿದರು. ಇಷ್ಟು ವರ್ಷ ಮಬ್ಬಿನಲ್ಲಿ ಕಂಡು, ಹೆಚ್ಚಾಗಿ ದನಿಯೇ ಆಗಿದ್ದವರ ಮುಖವನ್ನು ದೀಪದ ಬೆಳಕಲ್ಲಿ ಹತ್ತಿರದಿಂದ ನೋಡಿ, ಇವರ ಕೂದಲು ಇಷ್ಟೊಂದು ನೆರೆತಿದೆಯಾ ಅಂತ ನನಗೆ ಆಶ್ಚರ್ಯ. ದಸರೆ ಕಳೆಯಿತು, ಮಳೆ ನಿಂತು ಬಿಸಿಲು ಬಂತು. ಬೇರೆ ಹುಳದ ಮನೆ ಕಟ್ಟಲು ತಂದ ಕಲ್ಲು ಹಿತ್ತಲಲ್ಲಿ ಬಿದ್ದಲ್ಲೇ ಬಿದ್ದಿತ್ತು. ಊರಲ್ಲಿ ಒಂದೊಂದೇ ಮನೆಯವರು ಹುಳದ ಹೊಸ ಮೊಟ್ಟೆ ತಂದರು. ಮುನಿಶಾಮಪ್ಪನವರ ತೋಟದಲ್ಲಿ ಸೊಪ್ಪು ಚಿಗುರಿ ಕೈಗೆ ಬಂದಿದ್ದರೂ ಇವರು ಮಾತ್ರ ತರಲಿಲ್ಲ. ಭಯ ಇನ್ನೂ ಹೋಗಿಲ್ಲ ಅಂದುಕೊಂಡೆ.

ಒಂದು ಸಂಜೆ ಊಟದ ನಡುವೆ ನಾನೇ ಕೇಳಿದೆ. "ಯಾಕಮ್ಮಾ, ಮೊಟ್ಟೆ ತರ್ಸಲ್ವಾ? ಸೊಪ್ಪು ಬಲಿತೋಗ್ತದೆ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುನಿಶಾಮಪ್ಪ ತಟ್ಟೆಯ ಕಡೆ ತಲೆ ಬಗ್ಗಿಸಿದರು. ಅಕ್ಕಯ್ಯಮ್ಮ ಸೌಟು ಕೆಳಗಿಟ್ಟು ಹೇಳಿದರು:

"ನಿನ್ನ ಹೆಂಗಪ್ಪ ಮತ್ತೆ ಆಚಿಕ್ಕೆ ಕಳ್ಸೋದು? ನನ್ ಬಾಯಲ್ಲಿ ಬರ್ಲಿಲ್ಲ."

ನನ್ನ ಸ್ವಂತ ಅಣ್ಣನ ಮನೆಯಲ್ಲಿ ಯಾವಾಗ ಹೊರಡುತ್ತೀಯ ಅಂತ ಕೇಳುತ್ತಿದ್ದರು. ಇಲ್ಲಿ ಯಾವ ಸಂಬಂಧವೂ ಇಲ್ಲದ ಇಬ್ಬರು, ಹೊರಡು ಅನ್ನಲಾರದೆ ಒಂದು ಬೆಳೆಯನ್ನೇ ತಡೆದು ಕೂತಿದ್ದರು. ನಾನು ನನ್ನ ತಟ್ಟೆ ಎತ್ತಿಕೊಂಡು ಎದ್ದೆ. ಎಂಜಲು ಕೈಯಲ್ಲೇ ಹೊಸ್ತಿಲು ದಾಟಿ ಜಗುಲಿಗೆ ಬಂದು ಕೂತೆ. ಒಳಗಿನಿಂದ ಅಕ್ಕಯ್ಯಮ್ಮ, "ಏಯ್, ಏನ್ ಮಾಡ್ತಾ ಇದ್ದೀಯಾ? ಉಣ್ಣೋದ್ ಬಿಟ್ಟು ಎದ್ದೋಗ್ತಾರಾ?" ಅಂತ ಕೂಗಿದರು.

"ಇಲ್ಲೇ ಉಣ್ತಾ ಇದೀನಿ ಕಣಮ್ಮ. ಸಾರು ಬಿಡಿ," ಅಂದೆ. "ನಾಳೆ ಮೊಟ್ಟೆ ನಾನೇ ತರ್ತೀನಿ."

ಮಾರನೆಯ ದಿನ ಶಿಡ್ಲಘಟ್ಟದಲ್ಲಿ ಮುನಿಶಾಮಪ್ಪ ಹೇಳಿದವರ ಹತ್ತಿರ ವೆಂಕಟರಾಮಯ್ಯನನ್ನೇ ಕಳಿಸಿದೆ. ನಾನು ಕೈ ತಾಗಿಸಲಿಲ್ಲ. ಚಿಟ್ಟೆ ಮೊಟ್ಟೆಯಿಟ್ಟ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಹಾಳೆಗಳನ್ನು ಅವನು ಇಂಜಿನ್ನಿನಿಂದ ದೂರ, ಕಡೆಯ ಸೀಟಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತ. ಪಕ್ಕದಲ್ಲಿ ಬೀಡಿ ಹಚ್ಚಲು ಹೋದವನನ್ನು ಎಬ್ಬಿಸಿ ಮುಂದಕ್ಕೆ ಕಳಿಸಿದ. ಗುಂಡಿ ಬಂದಲ್ಲೆಲ್ಲ ನಾನು ಬಸ್ಸನ್ನು ಎತ್ತಿನಗಾಡಿಯ ಹಾಗೆ ಇಳಿಸಿ ಹತ್ತಿಸಿದೆ. ಹಿಂದಿನಿಂದ ಜನ ಬೈಯುತ್ತಿದ್ದದ್ದು ಕೇಳಿಸಿತು.

ಕೆರೆ ಏರಿಯಲ್ಲಿ ಬಸ್ಸು ನಿಲ್ಲಿಸಿ ಇಬ್ಬರೂ ನಡೆದು ಹೋದೆವು, ವೆಂಕಟರಾಮಯ್ಯ ಮುಂದೆ, ನಾನು ನಾಲ್ಕು ಮಾರು ಹಿಂದೆ. ಅಕ್ಕಯ್ಯಮ್ಮ ಕೈಕಾಲು ತೊಳೆದು ಬಾಗಿಲಿಗೆ ಬಂದರು. ಎರಡೂ ಕೈ ಚಾಚಿ ಮೊಟ್ಟೆ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ನನ್ನ ಕಡೆ ಒಂದು ಸಲ ನೋಡಿದರು. ಒಳಗೆ ಹೋದರು. ವೆಂಕಟರಾಮಯ್ಯ ತನ್ನ ಊರಿನ ದಾರಿ ಹಿಡಿದ. ನಾನು ಜಗುಲಿಯ ಮೇಲೆ ಕಂಬಕ್ಕೆ ಒರಗಿ ಕೂತುಕೊಂಡೆ. ಒಳಗಿನಿಂದ ಅಗಳಿ ಹಾಕಿದ ಸದ್ದು ಕೇಳಿಸಿತು. ನನ್ನ ಮುಖದ ಮೇಲೆ ಬಾಗಿಲು ಹಾಕಿಕೊಂಡದ್ದಕ್ಕೆ ನನಗೆ ಸಂತೋಷವಾದದ್ದು ಜೀವಮಾನದಲ್ಲಿ ಅದೊಂದೇ ಸಲ.